ಡಾಕ್ಟರ್ ಬದಲು ನರ್ಸ್ ಪ್ರಾಕ್ಟಿಷನರ್ ನೋಡುತ್ತಾರಂತೆ, ಅಮ್ಮನನ್ನು ಕರೆದುಕೊಂಡು ಹೋಗಬಹುದಾ?

ಡಲ್ಲಾಸ್_ಮಗಳು:
ಅಮ್ಮನಿಗೆ 71 ವರ್ಷ, ಬಿಪಿ, ಶುಗರ್ ಎರಡೂ ಇದೆ. ಕಳೆದ ಸಲ ಕ್ಲಿನಿಕ್‌ನಲ್ಲಿ ಫಿಸಿಷಿಯನ್ ಅಸಿಸ್ಟೆಂಟ್ ನೋಡಿದರು, ಈ ಸಲ ನರ್ಸ್ ಪ್ರಾಕ್ಟಿಷನರ್ ಅಂತೆ. ಡಾಕ್ಟರೇ ಬೇಕು ಅಂದರೆ ಎರಡು ತಿಂಗಳು ಕಾಯಬೇಕು. "ಅಮೆರಿಕಕ್ಕೆ ಬಂದು ನರ್ಸ್ ಹತ್ತಿರ ತೋರಿಸಿಕೊಳ್ಳೋದಾ?" ಅಂತ ಅಮ್ಮನಿಗೆ ಬೇಜಾರು. ಇವರಿಬ್ಬರಿಗೂ ಏನು ವ್ಯತ್ಯಾಸ? ನಂಬಬಹುದಾ?

ಹಾಸನದ_ಸಿಸ್ಟರ್:
ನಾನು ಟೆಕ್ಸಾಸ್‌ನಲ್ಲೇ ನರ್ಸ್ ಪ್ರಾಕ್ಟಿಷನರ್. ವಾರ್ಡಿನಲ್ಲಿ ಒಂಬತ್ತು ವರ್ಷ ನರ್ಸ್ ಆಗಿದ್ದು, ಆಮೇಲೆ ಮಾಸ್ಟರ್ಸ್ ಓದಿ, ಲೈಸೆನ್ಸ್‌ಗೆ ಬೇಕಾದ ಬೋರ್ಡ್ ಪರೀಕ್ಷೆ ಪಾಸಾಗಿ ಈ ಕೆಲಸಕ್ಕೆ ಬಂದೆ. ರೋಗಿಯನ್ನು ನೋಡುತ್ತೇವೆ, ರಕ್ತಪರೀಕ್ಷೆ ಬರೆಯುತ್ತೇವೆ, ಮಾತ್ರೆ ಬದಲಾಯಿಸುತ್ತೇವೆ. ಈ ರಾಜ್ಯದಲ್ಲಿ ಔಷಧಿ ಬರೆಯೋಕೆ ಒಬ್ಬ ಡಾಕ್ಟರ ಜೊತೆ ಲಿಖಿತ ಒಪ್ಪಂದ ಇರಲೇಬೇಕು, ಪಕ್ಕದ ನ್ಯೂ ಮೆಕ್ಸಿಕೋದಲ್ಲಾದರೆ ಅದೂ ಬೇಡ, ಸ್ವಂತ ಕ್ಲಿನಿಕ್ಕೇ ತೆರೆಯಬಹುದು. ಬಿಪಿ, ಶುಗರ್ ನಮಗೆ ದಿನಾ ಬರುವ ಕೇಸು. ಮುದ್ದೆ ಎಷ್ಟು, ಅನ್ನ ಎಷ್ಟು ಅಂತ ಕೂತು ಕೇಳುತ್ತೇವೆ. ಧೈರ್ಯವಾಗಿ ಕರೆದುಕೊಂಡು ಹೋಗಿ.

ರಾಲೀ_ರಘು:
ನನ್ನ ತಂಗಿ ಫಿಸಿಷಿಯನ್ ಅಸಿಸ್ಟೆಂಟ್, ಅವಳೂ ಡಾಕ್ಟರ ಜೊತೆ ಸೇರಿ ರೋಗಿಗಳನ್ನು ನೋಡಿ ಔಷಧಿ ಬರೆಯುತ್ತಾಳೆ. ಅಸಿಸ್ಟೆಂಟ್ ಅನ್ನೋ ಪದ ನೋಡಿ ಜನ ಸುಮ್ನೆ ಕಡಿಮೆ ಅಂದುಕೊಳ್ಳುತ್ತಾರೆ, ಅದು ನನಗೆ ನೋವು. 1965ರಲ್ಲಿ ಇಲ್ಲೇ ನಾರ್ತ್ ಕ್ಯಾರೊಲಿನಾದ ಡ್ಯೂಕ್ ಯೂನಿವರ್ಸಿಟಿಯಲ್ಲಿ ಈ ಕೋರ್ಸು ಶುರುವಾಗಿದ್ದು, ಡಾಕ್ಟರ ಕೊರತೆ ಇತ್ತು ಅಂತ ನೌಕಾಪಡೆಯಲ್ಲಿ ಚಿಕಿತ್ಸೆಯ ಕೆಲಸ ಕಲಿತು ಬಂದವರನ್ನು ಮೊದಲ ಬ್ಯಾಚಿಗೆ ತೆಗೆದುಕೊಂಡರು. ನರ್ಸ್ ಪ್ರಾಕ್ಟಿಷನರ್ ಕೋರ್ಸು ಕೂಡ ಅದೇ ವರ್ಷ ಕೊಲೊರಾಡೋದಲ್ಲಿ ಶುರು. ತಂಗಿ ಡಿಗ್ರಿ ಆದಮೇಲೆ ಸುಮಾರು 27 ತಿಂಗಳು ಓದಿದಳು, ಪಾಠವೆಲ್ಲ ಡಾಕ್ಟರುಗಳಿಗೆ ಹೇಳಿಕೊಡುವ ರೀತಿಯಲ್ಲೇ. ಮೊದಲು ಮೂಳೆ ವಿಭಾಗದಲ್ಲಿದ್ದಳು, ಈಗ ಹೃದಯ ವಿಭಾಗ, ಅದಕ್ಕೆ ಮತ್ತೆ ಕೋರ್ಸು ಓದಬೇಕಾಗಲಿಲ್ಲ. ನರ್ಸ್ ಪ್ರಾಕ್ಟಿಷನರ್‌ಗಳು ಮಕ್ಕಳು, ವಯಸ್ಸಾದವರು, ಮಾನಸಿಕ ಆರೋಗ್ಯ ಅಂತ ಒಂದನ್ನು ಆರಿಸಿಕೊಂಡು ಓದಿರುತ್ತಾರೆ, ಬದಲಾಯಿಸಬೇಕಾದರೆ ಮತ್ತೆ ಓದಬೇಕು.

ಕಾಳಜಿ_ಇದೆ:
ಒಪ್ಪುತ್ತೇನೆ, ಆದರೆ ಒಂದು ಮಾತು. ನಮ್ಮ ಅತ್ತೆಗೆ ಎರಡು ಸಲ ಗ್ಯಾಸ್ ಅಂತ ಮಾತ್ರೆ ಕೊಟ್ಟು ಕಳಿಸಿದರು, ಮೂರನೇ ಸಲ ನಾವೇ ಹಟ ಹಿಡಿದು ಡಾಕ್ಟರಿಗೆ ತೋರಿಸಿದಾಗ ಹೃದಯದ ತೊಂದರೆ ಅಂತ ಗೊತ್ತಾಯಿತು. ಹೊಸ ತೊಂದರೆ ಬಂದು ಕಾರಣ ಗೊತ್ತಾಗದಿದ್ದರೆ, ಎರಡು ಸಲ ಹೋದರೂ ಗುಣ ಕಾಣದಿದ್ದರೆ, ಡಾಕ್ಟರೇ ನೋಡಲಿ ಅಂತ ಕೇಳಿ. ಸಂಕೋಚ ಬೇಡ.

ತೀರ್ಥಹಳ್ಳಿಯಿಂದ:
ನಮ್ಮ ಊರಿನ ಉಪಕೇಂದ್ರದಲ್ಲೂ ಈಗ ಸಮುದಾಯ ಆರೋಗ್ಯ ಅಧಿಕಾರಿ ಇದ್ದಾರಲ್ವಾ, ನರ್ಸಿಂಗ್ ಓದಿದವರು. ಬಿಪಿ, ಶುಗರ್ ನೋಡಿ ಮಾತ್ರೆ ಕೊಡುತ್ತಾರೆ, ಬೇಕಾದರೆ ಡಾಕ್ಟರನ್ನು ವಿಡಿಯೋದಲ್ಲಿ ಕೇಳುತ್ತಾರೆ. ಅಮ್ಮನಿಗೆ ಹಾಗೆ ಹೇಳಿ ನೋಡಿ.

ಡಲ್ಲಾಸ್_ಮಗಳು:
ಅದನ್ನೇ ಹೇಳಿದೆ, ಗುರುವಾರ ಬರುತ್ತೇನೆ ಅಂದರು! ಅವತ್ತು ಡಾಕ್ಟರ್ ಕ್ಲಿನಿಕ್‌ನಲ್ಲಿ ಇರುತ್ತಾರಾ ಅಂತಲೂ ಫೋನ್ ಮಾಡಿ ಕೇಳುತ್ತೇನೆ.