ಪ್ರಕಾಶನ ಶುರುವಾದದ್ದು ಅಚ್ಚಿನ ಮೊಳೆಯಿಂದಲೇ?

ಪ್ರಶ್ನೆ (ಓಲೆಗರಿ):

ಪುಸ್ತಕ ಪ್ರಕಾಶನದ ಚರಿತ್ರೆಯನ್ನು ಹೇಳುವ ಬರಹಗಳಲ್ಲಿ ಹೆಚ್ಚಿನವು 1455ರ ಸುಮಾರಿಗೆ ಜರ್ಮನಿಯ ಮೈಂಜ್ ನಗರದಲ್ಲಿ ಗುಟೆನ್‌ಬರ್ಗ್ ಮುದ್ರಿಸಿದ, ಪುಟಕ್ಕೆ 42 ಸಾಲಿನ ಬೈಬಲ್ಲಿನಿಂದ ಆರಂಭವಾಗುತ್ತವೆ; ಅದಕ್ಕೆ ಹಿಂದಿನದನ್ನೆಲ್ಲ ‘ಹಸ್ತಪ್ರತಿಗಳ ಕಾಲ’ ಎಂದು ಒಂದೇ ಪುಟದಲ್ಲಿ ಮುಗಿಸಿಬಿಡುತ್ತವೆ. ಇನ್ನೊಂದು ತುದಿಯಲ್ಲಿ ಸೂಪರ್‌ಹೀರೋ ಕಾಮಿಕ್ಸ್‌ಗಳ ಚರಿತ್ರೆ ಬರೆಯುವವರು, ಅವುಗಳಿಗೂ ಪುಸ್ತಕಲೋಕಕ್ಕೂ ನಂಟೇ ಇಲ್ಲವೆಂಬಂತೆ, 1938ರಿಂದ ಹೊರಡುತ್ತಾರೆ. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲೂ ಪ್ರಕಾಶಕನೆಂಬವನು ಇದ್ದನೇ? ಇದ್ದಿದ್ದರೆ ಅವನ ಕಸುಬಿಗೂ ಕಾಮಿಕ್ಸ್ ಹೊರತಂದವರ ಕಸುಬಿಗೂ ಏನಾದರೂ ಹೋಲಿಕೆಯಿದೆಯೇ? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1 (ಕರಡು ತಿದ್ದುವವ):

ಪ್ರಕಾಶಕನನ್ನು ಗುರುತಿಸಲು ನಾನು ನೋಡುವುದು ಯಂತ್ರವನ್ನಲ್ಲ, ಮಾರಾಟವಾಗದೆ ಉಳಿದ ಪ್ರತಿಯನ್ನು. ಕೇಳಿದವರಿಗೆ ನಕಲು ಬರೆದುಕೊಡುವವನು ಲಿಪಿಕಾರ; ಇನ್ನೂ ಯಾರೂ ಕೇಳದಿರುವಾಗಲೇ ಕೈಯಿಂದ ಹಣ ಹಾಕಿ ಹತ್ತಾರು ಪ್ರತಿ ಮಾಡಿಸಿಟ್ಟು, ಕೊಳ್ಳುವವರಿಗಾಗಿ ಕಾಯುವವನು ಪ್ರಕಾಶಕ. ಈ ಲೆಕ್ಕದಲ್ಲಿ ಕ್ರಿ.ಪೂ. 7ನೆಯ ಶತಮಾನದಲ್ಲಿ ಅಸ್ಸೀರಿಯದ ದೊರೆ ಅಶುರ್‌ಬನಿಪಾಲ್ ನಿನೆವೆಯಲ್ಲಿ ಕೂಡಿಸಿಟ್ಟ ಸಾವಿರಾರು ಮಣ್ಣಿನ ಹಲಗೆಗಳು ಗ್ರಂಥಭಂಡಾರವೇ ಹೊರತು ಪ್ರಕಾಶನವಲ್ಲ.

ಆದರೆ ಕ್ರಿ.ಶ. 1ನೆಯ ಶತಮಾನದ ರೋಮ್‌ಗೆ ಬಂದರೆ ಪ್ರಕಾಶಕ ಕಣ್ಣಿಗೆ ಬೀಳುತ್ತಾನೆ. ಕವಿ ಮಾರ್ಷಲ್ ತನ್ನ ಪುಸ್ತಕ ಯಾರ ಬಳಿ ಸಿಗುತ್ತದೆಂಬುದನ್ನು ಪದ್ಯದೊಳಗೇ ಹೇಳುತ್ತಾನೆ. ಪ್ರಯಾಣದಲ್ಲಿ ಒಂದೇ ಕೈಯಲ್ಲಿ ಹಿಡಿಯಬಹುದಾದ ತೊಗಲಿನ ಹಾಳೆಯ ಪುಟ್ಟ ಹೊತ್ತಗೆಯನ್ನು ಕೊಳ್ಳಿರೆಂದು ಶಿಫಾರಸು ಮಾಡಿ, ಅದನ್ನು ಮಾರುವ ಸೆಕುಂಡಸ್‌ನ ಹೆಸರನ್ನೂ ಸೇರಿಸುತ್ತಾನೆ. ಇಂದಿನ ಜಾಹೀರಾತಿಗೆ ಇದು ಏನೂ ಕಡಿಮೆಯಿಲ್ಲ. ಓದುಗರು ಒಲಿಯದಿದ್ದರೆ ತನ್ನ ಹಾಳೆಗಳು ಮೀನನ್ನೋ ಮೆಣಸನ್ನೋ ಕಟ್ಟಿಕೊಡಲು ಹೋದಾವೆಂಬ ಅಳುಕನ್ನು ತಮಾಷೆಯಾಗಿ ತೋಡಿಕೊಳ್ಳುತ್ತಾನೆ. ದೂರದ ಬ್ರಿಟನ್ನಿನಲ್ಲಿಯೂ ತನ್ನ ಪದ್ಯಗಳನ್ನು ಹಾಡುತ್ತಾರಂತೆ, ಆದರೆ ತನ್ನ ಹಣದ ಚೀಲಕ್ಕೆ ಆ ಸುದ್ದಿಯೇ ಮುಟ್ಟಿಲ್ಲ ಎಂಬ ಅವನ ಗೊಣಗಾಟವನ್ನೂ ಗಮನಿಸಬೇಕು. ಮಾರಾಟದ ಲಾಭ ಲೇಖಕನಿಗೆ ಸೇರದ ಏರ್ಪಾಡು ಅಷ್ಟು ಹಳೆಯದು.

ಉತ್ತರ 2 (ಮರದಚ್ಚು):

ಮೇಲಿನ ವ್ಯಾಖ್ಯೆ ಅಚ್ಚುಕಟ್ಟಾಗಿದೆ, ಆದರೆ ಸ್ವಲ್ಪ ಇಕ್ಕಟ್ಟಾಗಿದೆ. ದಿನಾಂಕ ನಮೂದಾಗಿರುವ ಅತ್ಯಂತ ಹಳೆಯ ಸಂಪೂರ್ಣ ಮುದ್ರಿತ ಗ್ರಂಥವೆಂದು ಮನ್ನಣೆ ಪಡೆದಿರುವ, ಕ್ರಿ.ಶ. 868ರ ವಜ್ರಸೂತ್ರವೆಂಬ ಬೌದ್ಧ ಗ್ರಂಥದ ಸುರುಳಿಯನ್ನೇ ತೆಗೆದುಕೊಳ್ಳಿ. ಚೀನಾದ ದುನ್‌ಹುವಾಂಗ್ ಗುಹೆಗಳಲ್ಲಿ ದೊರೆತ, ಸುಮಾರು 5 ಮೀಟರ್ ಉದ್ದದ ಆ ಸುರುಳಿಯ ಕೊನೆಯಲ್ಲಿ, ವಾಂಗ್ ಜಿಯೆ ಎಂಬಾತ ತನ್ನ ತಂದೆತಾಯಿಯ ಹೆಸರಿನಲ್ಲಿ, ಎಲ್ಲರಿಗೂ ಉಚಿತವಾಗಿ ಹಂಚಲು ಇದನ್ನು ಮಾಡಿಸಿದನೆಂದು ಬರೆದಿದೆ. ಕೈಯಿಂದ ಹಣ ಹಾಕಿದವನಿದ್ದಾನೆ, ಪ್ರತಿಗಳಿವೆ, ಗುರುತಿಲ್ಲದ ಓದುಗರಿದ್ದಾರೆ. ಮಾರಾಟ ಮಾತ್ರ ಇಲ್ಲ. ಇದನ್ನು ಪ್ರಕಾಶನವಲ್ಲವೆನ್ನಲು ನನಗೆ ಮನಸ್ಸು ಬಾರದು.

ಮಾರಾಟವಾಗದ ಪ್ರತಿಯ ಭಯಕ್ಕೂ ತಂತ್ರಕ್ಕೂ ಇರುವ ನಂಟನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಮರದಚ್ಚಿನಲ್ಲಿ ಇಡೀ ಪುಟವನ್ನು ಒಂದೇ ಹಲಗೆಯಲ್ಲಿ ಕೆತ್ತುವುದರಿಂದ, ಹಲಗೆಯನ್ನು ಜೋಪಾನವಾಗಿಟ್ಟು ಬೇಕಾದಾಗ ಬೇಕಾದಷ್ಟೇ ಪ್ರತಿ ಒತ್ತಿಕೊಳ್ಳಬಹುದು. ಅಕ್ಷರಕ್ಕೊಂದರಂತೆ ಜೋಡಿಸುವ ಬಿಡಿ ಮೊಳೆಗಳ ಕಥೆ ಬೇರೆ: ಒಂದು ಫಾರಂ (ಒಟ್ಟಿಗೆ ಅಚ್ಚಾಗುವ ಪುಟಗಳ ಜೋಡಣೆ) ಮುದ್ರಣವಾದೊಡನೆ ಅದನ್ನು ಬಿಚ್ಚಿ ಮೊಳೆಗಳನ್ನು ಖಾನೆಗಳಿಗೆ ಹಿಂತಿರುಗಿಸದಿದ್ದರೆ ಮುಂದಿನ ಪುಟಗಳಿಗೆ ಮೊಳೆ ಸಾಲದು; ಆದ್ದರಿಂದ ಎಷ್ಟು ಪ್ರತಿ ಬೇಕೆಂಬುದನ್ನು ಮೊದಲೇ ಊಹಿಸಿ, ಅಷ್ಟಕ್ಕೂ ಕಾಗದ ಕೊಂಡು, ಹಣ ತೊಡಗಿಸಿ ಕೂರಬೇಕು. ಬಿಡಿ ಮೊಳೆ ಗುಟೆನ್‌ಬರ್ಗ್‌ನಿಗಿಂತ ಮೊದಲೇ ಇತ್ತು. ಚೀನಾದ ಬಿ ಶೆಂಗ್ 1040ರ ದಶಕದಲ್ಲಿ ಸುಟ್ಟ ಮಣ್ಣಿನ ಮೊಳೆಗಳನ್ನು ಮಾಡಿದ್ದ, ಕೊರಿಯಾದಲ್ಲಿ ಲೋಹದ ಮೊಳೆಯಿಂದ ಮುದ್ರಿಸಿದ ‘ಜಿಕ್ಜಿ’ ಎಂಬ ಬೌದ್ಧ ಗ್ರಂಥ 1377ರದು. ಗುಟೆನ್‌ಬರ್ಗ್‌ನಂತೂ ಸುಮಾರು 180 ಪ್ರತಿಗಳ ಬೈಬಲ್ಲಿಗಾಗಿ ಸಾಲದಲ್ಲಿ ಮುಳುಗಿ, ಸಾಲ ಕೊಟ್ಟ ಫುಸ್ಟ್ 1455ರಲ್ಲಿ ಹೂಡಿದ ದಾವೆಯಲ್ಲಿ ಸೋತ.

ಉತ್ತರ 3 (ಹತ್ತು ಸೆಂಟ್):

ಕಾಮಿಕ್ಸ್ ಹುಟ್ಟಿದ್ದು ಕೂಡ ಇದೇ ಲೆಕ್ಕಾಚಾರದಿಂದ, ಸಾಹಿತ್ಯದ ಹಂಬಲದಿಂದಲ್ಲ. ಅಮೆರಿಕದ ಈಸ್ಟರ್ನ್ ಕಲರ್ ಪ್ರಿಂಟಿಂಗ್ ಎಂಬ ಸಂಸ್ಥೆ ಪತ್ರಿಕೆಗಳ ಭಾನುವಾರದ ಬಣ್ಣದ ಪುರವಣಿಗಳನ್ನು ಮುದ್ರಿಸುತ್ತಿತ್ತು. ಯಂತ್ರಗಳು ಸುಮ್ಮನೆ ನಿಲ್ಲಬಾರದೆಂಬ ಚಿಂತೆಯಲ್ಲಿದ್ದವರಿಗೆ, ಪುರವಣಿಯ ಹಾಳೆಯನ್ನು ಇನ್ನಷ್ಟು ಮಡಿಸಿ ಹೊಲಿದರೆ ಕೈಗೆ ಹಿಡಿಸುವ ಪುಸ್ತಿಕೆಯಾಗುತ್ತದೆಂಬುದು ಹೊಳೆಯಿತು. 1934ರಲ್ಲಿ 10 ಸೆಂಟ್ ಬೆಲೆಗೆ ಅಂಗಡಿಗಳಿಗೆ ಬಂದ ‘ಫೇಮಸ್ ಫನ್ನೀಸ್’ನಲ್ಲಿ ಇದ್ದವು ಬಹುಪಾಲು ಪತ್ರಿಕೆಗಳಲ್ಲಿ ಬಂದುಹೋಗಿದ್ದ ಚಿತ್ರಮಾಲೆಗಳೇ.

1938ರ ಜೂನ್ ಸಂಚಿಕೆಯಾಗಿ ಹೊರಬಂದ ಮೊದಲ ‘ಆಕ್ಷನ್ ಕಾಮಿಕ್ಸ್’ನ ಸೂಪರ್‌ಮ್ಯಾನ್ ಕಥೆಯೂ ಮೊದಲು ಪತ್ರಿಕೆಗಳಿಗೆಂದೇ ಸಿದ್ಧವಾಗಿತ್ತು, ಪತ್ರಿಕೆಗಳವರು ಒಲ್ಲೆನೆಂದಿದ್ದರು. ಅದನ್ನು ರಚಿಸಿದ ಜೆರ‍್ರಿ ಸೀಗಲ್ ಮತ್ತು ಜೋ ಶುಸ್ಟರ್ ಆ ಉದ್ದುದ್ದ ಪಟ್ಟಿಗಳನ್ನು ಕತ್ತರಿಸಿ, ಪುಟದ ಅಳತೆಗೆ ಹೊಂದಿಸಿ ಅಂಟಿಸಿ 13 ಪುಟ ಮಾಡಿದರು. ಪುಟಕ್ಕೆ 10 ಡಾಲರಿನಂತೆ 130 ಡಾಲರ್ ಕೊಟ್ಟು ಪ್ರಕಾಶಕರು ಪಾತ್ರದ ಹಕ್ಕನ್ನೂ ಬರೆಸಿಕೊಂಡರು.

ಇನ್ನು ಮಾರ್ಷಲ್‌ನ ಮೀನಿನ ಪೊಟ್ಟಣಕ್ಕೆ ಸಮನಾದುದು ಇಲ್ಲಿಯೂ ಇತ್ತು: ಮಾರಾಟವಾಗದ ಸಂಚಿಕೆಯ ಮುಖಪುಟದಲ್ಲಿ ಹೆಸರಿರುವ ಮೇಲ್ಭಾಗವನ್ನು ಹರಿದು ಹಿಂದಕ್ಕೆ ಕಳುಹಿಸಿದರೆ ಅಂಗಡಿಯವನಿಗೆ ಹಣ ವಾಪಸ್ಸು, ಉಳಿದದ್ದು ರದ್ದಿಗೆ. ಈ ನಷ್ಟವನ್ನು ಹೊರುತ್ತಿದ್ದವನು ಪ್ರಕಾಶಕ. 1970ರ ದಶಕದಲ್ಲಿ ಫಿಲ್ ಸ್ಯೂಲಿಂಗ್ ಎಂಬ ವಿತರಕ, ಹೆಚ್ಚಿನ ರಿಯಾಯಿತಿ ಕೊಟ್ಟು ಪ್ರತಿ ಮಾತ್ರ ಹಿಂದಕ್ಕೆ ಪಡೆಯದ ಪದ್ಧತಿಯನ್ನು ತಂದಾಗ ಆ ಹೊರೆ ಅಂಗಡಿಯವನ ಹೆಗಲಿಗೆ ದಾಟಿತು. ಕಾಮಿಕ್ಸ್‌ಗೆಂದೇ ಮೀಸಲಾದ ಅಂಗಡಿಗಳು ಬೆಳೆದದ್ದು ಈ ಪದ್ಧತಿಯ ಮೇಲೆ.

ಮರುಪ್ರಶ್ನೆ (ಓಲೆಗರಿ):

ಮೂವರಿಗೂ ಕೃತಜ್ಞತೆಗಳು. ಇಂಗ್ಲೆಂಡಿನ 1710ರ ಕಾಯಿದೆ ಲೇಖಕರಿಗೆ ಹಕ್ಕು ಕೊಟ್ಟಿತೆಂದು ಓದಿದ್ದೇನೆ. ಹಾಗಿದ್ದಮೇಲೆ 130 ಡಾಲರಿನ ಪ್ರಸಂಗ ಹೇಗೆ ನಡೆಯಿತು?

ಉತ್ತರ 4 (ಹತ್ತು ಸೆಂಟ್):

ಆ ಕಾಯಿದೆ ಹೊಸ ಕೃತಿಗಳಿಗೆ 14 ವರ್ಷಗಳ ಹಕ್ಕನ್ನು ಕೊಟ್ಟಿತು, ಲೇಖಕ ಬದುಕಿದ್ದರೆ ಇನ್ನೂ 14 ವರ್ಷ. ಆದರೆ ಕೊಟ್ಟದ್ದು ಮಾರಬಹುದಾದ ಹಕ್ಕನ್ನು. ಕೈಯಲ್ಲಿ ಕಾಸಿಲ್ಲದ ಲೇಖಕ ಅದನ್ನು ಮೊದಲ ದಿನವೇ ಮಾರಿಬಿಡಬಹುದು. ಅಮೆರಿಕದ ಕಾನೂನಿನಲ್ಲಿಯೂ ಹಕ್ಕನ್ನು ಹೀಗೆ ಬರೆದುಕೊಡಬಹುದಿತ್ತು, ಸೀಗಲ್ ಮತ್ತು ಶುಸ್ಟರ್ ಮಾಡಿದ್ದೂ ಅದನ್ನೇ. ಹಲವು ವ್ಯಾಜ್ಯಗಳ ನಂತರ 1975ರ ಕೊನೆಯಲ್ಲಿ ಅವರಿಗೆ ವರ್ಷಾಶನ ಮಂಜೂರಾಯಿತು, ಕಥೆಗಳ ಮೇಲೆ ಅವರ ಹೆಸರು ಮತ್ತೆ ಬಂದಿತು. ಆ 130 ಡಾಲರ್ ಸೇರಿಸಿ ಒಟ್ಟು 412 ಡಾಲರಿಗೆ ಬರೆದಿದ್ದ ಚೆಕ್ಕಿನಲ್ಲಿ ಇಬ್ಬರ ಹೆಸರಿನ ಕಾಗುಣಿತವೂ ತಪ್ಪಾಗಿತ್ತು. 2012ರ ಹರಾಜಿನಲ್ಲಿ ಆ ಚೆಕ್ಕು 1,60,000 ಡಾಲರಿಗೆ ಮಾರಾಟವಾಯಿತು.