ಯೇಸು ಬಗ್ಗೆ ಕೇಳಿದರೆ ಬಾಯಿ ಒಣಗುತ್ತದೆ. ನಿಮಗೆಲ್ಲ ಧೈರ್ಯ ಹೇಗೆ ಬಂತು?

ಪ್ರಶ್ನೆ (ದಾವಣಗೆರೆ, ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವವನು):
ನಾನು ಭಾನುವಾರ ಚರ್ಚಿಗೆ ಹೋಗುತ್ತೇನೆ ಅಂತ ಅಂಗಡಿಯಲ್ಲಿ ಎಲ್ಲರಿಗೂ ಗೊತ್ತು. ಸಂಜೆ ಮಂಡಕ್ಕಿ ಮಿರ್ಚಿ ತಿನ್ನುವಾಗ ಯಾರಾದರೂ "ನಿಮ್ಮ ಯೇಸು ಕಥೆ ಏನು, ಸ್ವಲ್ಪ ಹೇಳಪಾ" ಅಂದರೆ ನಕ್ಕು ಮಾತು ಮರೆಸುತ್ತೇನೆ. ಮತಾಂತರಕ್ಕೆ ಇಳಿದಿದ್ದಾನೆ ಅಂದುಕೊಂಡರೆ ಅನ್ನುವ ಭಯ ಬೇರೆ. ನೀವೆಲ್ಲ ಹೇಗೆ ಶುರು ಮಾಡಿದಿರಿ?

ನರ್ಸ್, ದಾವಣಗೆರೆ:
ತಮ್ಮಾ, ನಮ್ಮ ಕಡೆ ಪರಿಚಯ ಆದ ಕೂಡಲೇ ಊರು ಕೇಳುತ್ತಾರೆ. ಆಮೇಲೆ "ಮನೆದೇವ್ರು ಯಾವುದು?" ಅಂತಾರೆ, ಅಲ್ವಾ? ಬಾಗಿಲು ಅವರೇ ತೆಗೆದುಕೊಡುತ್ತಾರೆ.

ಜಗಳೂರು ಕಡೆಯ ಅಜ್ಜಿಯೊಬ್ಬರು ಮಗನ ಹಾಸಿಗೆ ಪಕ್ಕ ಕೂತು ರಾತ್ರಿ ಪಾಳಿಯಲ್ಲಿ ನನ್ನನ್ನು ಹೀಗೇ ಕೇಳಿದರು. "ನಮ್ದು ಯೇಸಪ್ಪ ಕಣಜ್ಜಿ" ಅಂದೆ. "ಏನ್ ಮಾಡ್ಯಾನ ಆತ ನಿಂಗೆ?" ಅಂದರು. ಸಂಡೇ ಸ್ಕೂಲಲ್ಲಿ ಬಾಯಿಪಾಠ ಮಾಡಿದ್ದು ಒಂದೂ ನೆನಪಿಗೆ ಬರಲಿಲ್ಲ. "ನಮ್ಮಪ್ಪ ತೀರಿಹೋದಾಗ ನಂಗೆ ನಿದ್ದೇನೇ ಬರ್ತಿರ್ಲಿಲ್ಲ. ಪ್ರಾರ್ಥನೆ ಮಾಡ್ತಾ ಮಾಡ್ತಾ ಎದೆ ಹಗುರ ಆತು. ಅವತ್ತಿಂದ ಬಿಟ್ಟಿಲ್ಲ" ಅಂದೆ. ಅಜ್ಜಿ ಎಲೆಅಡಿಕೆ ಚೀಲ ಬಿಚ್ಚಿ, ಸುಣ್ಣ ಹಚ್ಚಿಕೊಳ್ಳುತ್ತಾ ತಮ್ಮ ಮನೆದೇವರ ಕಥೆ ಶುರು ಮಾಡಿದರು. ಪೂರ್ತಿ ಕೇಳಿದೆ. ಡ್ರಿಪ್ ಬಾಟಲಿ ಬದಲಿಸಿ ಬಂದೆ. ಅವರು ಚರ್ಚಿಗೇನೂ ಬರಲಿಲ್ಲ. ಆದರೆ ಅಲ್ಲಿಂದಾಚೆ ನನಗೆ ಈ ಪ್ರಶ್ನೆ ಅಂದರೆ ಭಯ ಇಲ್ಲ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ರೋಗಿಗಳ ಹತ್ತಿರ ನಾನಾಗಿ ಈ ವಿಷಯ ಎತ್ತುವುದಿಲ್ಲ. ಬೇಡ ಅನ್ನಿಸಿದರೆ ಎದ್ದು ಹೋಗೋಕೂ ಆಗದವರು ಅವರು. ಅವರೇ "ನನಗೋಸ್ಕರ ಪ್ರಾರ್ಥನೆ ಮಾಡಮ್ಮಾ" ಅಂದರೆ ಮಾಡುತ್ತೇನೆ, ಅದೂ ಮನಸ್ಸಿನಲ್ಲೇ. ನಮ್ಮವರು ಕೆಲವರಿಗೆ ಇದು ಹೇಡಿತನ ಅನ್ನಿಸುತ್ತದೆ. ಅನ್ನಿಸಲಿ ಬಿಡಿ.

ನಿವೃತ್ತ ಮೇಷ್ಟ್ರು, ಚಿತ್ರದುರ್ಗ:
ನಿಮ್ಮ ಅರ್ಧ ಭಯ ಕಾನೂನು ಗೊತ್ತಿಲ್ಲದ್ದರಿಂದ ಬಂದಿದೆ. ಸಂವಿಧಾನದ 25ನೇ ವಿಧಿ ಧರ್ಮವನ್ನು ಪಾಲಿಸುವುದಕ್ಕೂ ಪ್ರಚಾರ ಮಾಡುವುದಕ್ಕೂ ಹಕ್ಕು ಕೊಟ್ಟಿದೆ. ಆದರೆ ಇನ್ನೊಬ್ಬರನ್ನು ಮತಾಂತರಿಸುವುದು ಆ ಹಕ್ಕಿನಲ್ಲಿ ಸೇರಿಲ್ಲ ಅಂತ ಸುಪ್ರೀಂ ಕೋರ್ಟ್ 1977ರಲ್ಲೇ ಸ್ಟೇನಿಸ್ಲಾಸ್ ಪ್ರಕರಣದಲ್ಲಿ ಹೇಳಿದೆ. ನಮ್ಮ ರಾಜ್ಯದಲ್ಲಿ 2022ರಲ್ಲಿ ಬಂದ ಕಾಯ್ದೆ ಬಲವಂತ, ಮೋಸ, ಆಮಿಷ, ಮದುವೆಯ ಆಸೆ ತೋರಿಸಿ ಮಾಡುವ ಮತಾಂತರಕ್ಕೆ 3ರಿಂದ 5 ವರ್ಷ ಜೈಲು ಅನ್ನುತ್ತದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟರ ವಿಷಯದಲ್ಲಿ 10 ವರ್ಷದವರೆಗೂ ಹೋಗುತ್ತದೆ. ಇದನ್ನು ರದ್ದು ಮಾಡಲು 2023ರ ಜೂನ್‌ನಲ್ಲಿ ಸಂಪುಟ ತೀರ್ಮಾನಿಸಿತು. ಕಾಯ್ದೆ ಇರಲಿ ಹೋಗಲಿ, ಕೆಲಸ ಕೊಡಿಸುತ್ತೇನೆ, ಫೀಸು ಕಟ್ಟುತ್ತೇನೆ ಅನ್ನುವ ಮಾತಿನ ಜೊತೆ ಯೇಸು ಹೆಸರು ಸೇರಿಸಲೇಬಾರದು. ಅಪ್ಪ ಅಮ್ಮ ಇಲ್ಲದಾಗ ಅವರ ಮಕ್ಕಳ ಹತ್ತಿರ ಈ ಮಾತು ಬೇಡ. ಅಂಗಡಿಯ ವಾಟ್ಸಾಪ್ ಗುಂಪಿಗೆ ಬೈಬಲ್ ವಚನ ಕಳಿಸುವುದೂ ಬೇಡ. ಅದು ಯಾರೂ ಕೇಳದ ಉತ್ತರ.

ಕೇಳಿದ ಸಹೋದ್ಯೋಗಿಗೆ ನಿಮ್ಮ ನಂಬಿಕೆ ಹೇಳುವುದು ಅಪರಾಧ ಅಲ್ಲ. ಬೈಬಲ್ಲಿನಲ್ಲಿ ಪೇತ್ರನ ಮೊದಲ ಪತ್ರ 3:15 ತೆಗೆದು ನೋಡಿ. ಕೇಳುವವರಿಗೆ ಉತ್ತರ ಕೊಡಲು ಸಿದ್ಧವಾಗಿರಿ, ಆದರೆ ಸಾತ್ವಿಕವಾಗಿ ಕೊಡಿ ಅಂತಿದೆ.

ಕ್ರೈಸ್ತನಲ್ಲದ ಓದುಗ, ಹರಿಹರ:
ಎದುರು ಕಡೆಯಿಂದ ಒಂದು ಮಾತು. ನಮ್ಮವ್ವ ಹರಿಹರೇಶ್ವರನಿಗೂ ಕೈ ಮುಗಿಯುತ್ತಾಳೆ, ಸೆಪ್ಟೆಂಬರ್ 8ಕ್ಕೆ ಚರ್ಚಿನ ಆರೋಗ್ಯ ಮಾತೆ ಮೇರಿಯಮ್ಮನಿಗೆ ಮೇಣದಬತ್ತಿಯನ್ನೂ ಹಚ್ಚಿ ಬರುತ್ತಾಳೆ. ನಮಗೆ ನಿಮ್ಮ ದೇವರು ಹೊಸಬನಲ್ಲ. ನನ್ನ ಗೆಳೆಯ ತನ್ನ ನಂಬಿಕೆ ಬಗ್ಗೆ ಹೇಳಿದರೆ ಎಷ್ಟು ಹೊತ್ತಾದರೂ ಕೇಳುತ್ತೇನೆ. ಆದರೆ ಇನ್ನೊಬ್ಬರು "ನಿಮ್ಮದು ಬರೀ ಕಲ್ಲು" ಅಂದ ದಿನ ಎದ್ದು ಬಂದೆ. ಅವರ ಜೊತೆ ಈಗಲೂ ಮಾತಿಲ್ಲ.

ಶೇಂಗಾ ವ್ಯಾಪಾರಿ, ಚಳ್ಳಕೆರೆ:
ಮೇಷ್ಟ್ರು ಹೇಳಿದ್ದು ಸರಿ, ಆದರೆ ಕೇಳುವವರೆಗೂ ಸುಮ್ನೆ ಕೂತರೆ ಕೆಲವರು ಸಾಯೋತನಕ ಸುಮ್ನೆ ಇರುತ್ತಾರೆ. ನಾವೂ ಸ್ವಲ್ಪ ಮುಂದೆ ಬರಬೇಕು. ಸೋಮವಾರ "ನಿನ್ನೆ ಏನು ಮಾಡಿದೆ?" ಅಂದರೆ "ಮನೇಲಿದ್ದೆ" ಅನ್ನಬೇಡಿ. "ಚರ್ಚಿಗೆ ಹೋಗಿದ್ದೆ, ಅಲ್ಲಿ ಕ್ಷಮಿಸೋದರ ಬಗ್ಗೆ ಹೇಳಿದ್ರು, ನಂಗೆ ಭಾಳ ಕಷ್ಟ ಅದು" ಅನ್ನಿ. ನಾನು ದಲ್ಲಾಳಿ ಅಂಗಡಿಯಲ್ಲಿ ಶುರು ಮಾಡಿದ್ದು ಇಷ್ಟರಿಂದಲೇ. ತೂಕದ ವಿಷಯಕ್ಕೆ ಒಡಹುಟ್ಟಿದವನ ಜೊತೆ ಮಾತು ಬಿಟ್ಟಿದ್ದ ಒಬ್ಬರು ಸಂಜೆ ತಾವಾಗಿ ಬಂದು ಕೂತರು. ತೂಕ ಅಂದಿದ್ದಕ್ಕೆ ನೆನಪಾಯಿತು: ನಿಮ್ಮ ಲೆಕ್ಕ ಚೊಕ್ಕ ಇರಬೇಕು. ತೂಕದಲ್ಲಿ ಹೊಡೆಯುವವನ ಬಾಯಲ್ಲಿ ಬೈಬಲ್ ಯಾರಿಗೂ ಬೇಡ.

ಹೆದರಿಕೆ ಆಗುವುದಕ್ಕೆ ನಾಚಿಕೆ ಬೇಡ. ಯೇಸುವನ್ನು ಹಿಡಿದ ರಾತ್ರಿ ಮಹಾಯಾಜಕನ ಮನೆ ಅಂಗಳದಲ್ಲಿ ಚಳಿ ಕಾಯಿಸುತ್ತಾ ಕೂತ ಶಿಷ್ಯ ಪೇತ್ರ, ಒಬ್ಬ ಕೆಲಸದ ಹೆಣ್ಣುಮಗಳು ಕೇಳಿದ್ದಕ್ಕೇ "ಆತನ್ನ ನಾನರಿಯೆ" ಅಂದ. ಅದೇ ಪೇತ್ರ ಆಮೇಲೆ ಯೆಹೂದಿ ಹಿರಿಯರ ಸಭೆ ಮುಂದೆ ನಿಂತು ಮಾತಾಡಿದ. ಅಲ್ಲಿ ಬೆದರಿಕೆ ಹಾಕಿ ಕಳಿಸಿದಾಗ ಯೇಸುವನ್ನು ನಂಬಿದವರೆಲ್ಲ ಕೂಡಿ ಬೇಡಿದ್ದು ಮಾತಾಡುವ ಧೈರ್ಯವನ್ನೇ. ಬೈಬಲ್ಲಿನ ಅಪೊಸ್ತಲರ ಕೃತ್ಯಗಳು, 4ನೇ ಅಧ್ಯಾಯ. ಅಂಗಡಿ ಬಾಗಿಲು ತೆಗೆಯುವ ಮುಂಚೆ ನೀವೂ ಅಷ್ಟೇ ಕೇಳಿಕೊಳ್ಳಿ.

ಮತ್ತೆ ಮಿರ್ಚಿ ತಿನ್ನೋ ಗುಂಪಿನಲ್ಲಿ ಶುರು ಮಾಡಬೇಡಿ, ಅಲ್ಲಿ ತಮಾಷೆ ಜಾಸ್ತಿ. ಆ ಗುಂಪಲ್ಲಿ ನಿಮಗೆ ಹತ್ತಿರದವರು ಯಾರಾದರೂ ಒಬ್ಬರಿದ್ದಾರಾ? ಬಸ್ ಸ್ಟ್ಯಾಂಡ್ ತನಕ ಅವರ ಜೊತೆ ನಡೆದು ಹೋಗಿ ನೋಡಿ.