60 ಮನೆಗೆ ಉಚಿತ ಆಹಾರ: ದಿನಸಿಯೋ, ಛತ್ರದಲ್ಲಿ ಮಿಕ್ಕ ಊಟವೋ?

ಗುತ್ತಲು ರಸ್ತೆ, ಮಂಡ್ಯ:
ನಮ್ಮ ಬಡಾವಣೆ ಸಂಘ, ಒಂದು ಸ್ತ್ರೀಶಕ್ತಿ ಗುಂಪು, ಒಂದು ಕಲ್ಯಾಣ ಮಂಟಪ ಸೇರಿ ಸುಮಾರು 60 ಮನೆಗೆ ಆಹಾರ ಕೊಡಬೇಕು ಅಂತಿದ್ದೀವಿ. ಅರ್ಧದಷ್ಟು ಜನ ಕಬ್ಬು ಕಡಿಯೋಕೆ ಬಳ್ಳಾರಿ ಕಡೆಯಿಂದ ಬಂದವರು. ತಿಂಗಳಿಗೊಮ್ಮೆ ಅಕ್ಕಿ ಕೊಡೋದಾ, ಮದುವೆಯಲ್ಲಿ ಮಿಕ್ಕ ಊಟ ಹಂಚೋದಾ?

ಸಂತೆಪೇಟೆ ದಿನಸಿ:
ಅಕ್ಕಿಗೆ ದುಡ್ಡು ಹಾಕಬೇಡಿ ಸರ್. ಬಿಪಿಎಲ್ ಕಾರ್ಡಿದ್ದರೆ ಅಕ್ಕಿ ಸಿಗುತ್ತೆ. ಬಳ್ಳಾರಿಯ ಕಾರ್ಡಾದರೂ ಮಂಡ್ಯದ ನ್ಯಾಯಬೆಲೆ ಅಂಗಡಿಯಲ್ಲೇ ಹೆಬ್ಬೆಟ್ಟು ಒತ್ತಿ ತಗೋಬಹುದು. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ, ಮೊದಲು ಅದನ್ನು ಕೊಡಿಸಿ. ಸಾಲದೆ ಬರೋದು ಬೇಳೆ, ಎಣ್ಣೆ. ನಾಲ್ಕು ಜನರ ಮನೆಗೆ ತೊಗರಿಬೇಳೆ 2 ಕೆಜಿ, ಹುರುಳಿಕಾಳು 1 ಕೆಜಿ, ಎಣ್ಣೆ 1 ಲೀಟರ್, ಬೆಲ್ಲ ಅರ್ಧ ಕೆಜಿ, ಉಪ್ಪು, ಖಾರದಪುಡಿ. ಇಲ್ಲಿಯವರಿಗೆ ರಾಗಿ, ಬಳ್ಳಾರಿಯವರಿಗೆ ಜೋಳ. ಹಿಟ್ಟು ಮಾಡಿಸಬೇಡಿ, ಕಾಳೇ ಕೊಡಿ, ಹಿಟ್ಟು ಬೇಗ ಕಹಿಯಾಗುತ್ತೆ. ಬೇಳೆ 120 ಕೆಜಿ ಬೇಕಾದರೆ 125 ತನ್ನಿ. ಪೊಟ್ಟಣ ಕಟ್ಟುವಾಗ ಚೆಲ್ಲಿ, ತೂಕ ಅತ್ತಿತ್ತಾಗಿ, ಕೊನೆಯ ಒಂದೆರಡು ಮನೆಗೆ ಕಡಿಮೆ ಬೀಳುತ್ತೆ. ಎಣ್ಣೆ ಪ್ಯಾಕೆಟ್ ಬೇರೆ ಚೀಲದಲ್ಲಿಡಿ. ಒಂದು ಸೋರಿದರೂ ಇಡೀ ಕಿಟ್ ಹಾಳು.

ಕುವೆಂಪುನಗರ ಅಡುಗೆ:
ಛತ್ರದ ಊಟವನ್ನೂ ಬಿಡಬೇಡಿ, ಆದರೆ ಪಂಕ್ತಿಗೆ ಹೋದ ಪಾತ್ರೆಯದ್ದು ಬೇಡ. ಅಡುಗೆಮನೆಯಲ್ಲಿ ಬಡಿಸದೆ ಉಳಿದದ್ದು ಮಾತ್ರ. ಕಾಯಿ ಚಟ್ನಿ, ಮೊಸರನ್ನ, ಕೋಸಂಬರಿ ಮುಟ್ಟಲೇಬೇಡಿ. ಹೆಚ್ಚು ಅಪಾಯ ಅನ್ನದ್ದು: ಬೇಯಿಸಿದರೂ ಸಾಯದ ಬ್ಯಾಕ್ಟೀರಿಯಾ ಬೀಜಕಗಳು ಉಗುರುಬೆಚ್ಚಗಿನ ಅನ್ನದಲ್ಲಿ ಮೊಳೆತು ವಿಷ ಬಿಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗಲ್ಲ. ಅದಕ್ಕೇ ಕಡ್ಡಿ ಥರ್ಮಾಮೀಟರ್ ಇಟ್ಟುಕೊಳ್ಳಿ. 60 ಡಿಗ್ರಿಗಿಂತ ಕೆಳಗಿಳಿದು ಎಷ್ಟು ಹೊತ್ತಾಯ್ತು ಅಂತ ಗೊತ್ತಿಲ್ಲದ ಅನ್ನ ತಗೋಬೇಡಿ. ಸಾಂಬಾರ್ ಕುದಿಸಿಯೇ ಹಾಟ್‌ಬಾಕ್ಸಿಗೆ ಸುರಿಯಿರಿ. ಮಿಕ್ಕ ಊಟ ಹಂಚೋಕೆ ಆಹಾರ ಸುರಕ್ಷತೆ ನೋಡಿಕೊಳ್ಳೋ ಕೇಂದ್ರದ ಸಂಸ್ಥೆ ಎಫ್ಎಸ್ಎಸ್ಎಐನ 2019ರ ನಿಯಮಾವಳಿಯೇ ಇದೆ. ಸಂಘದ ನೋಂದಣಿ ಮಾಡಿಸಿ, ಯಾವ ಛತ್ರ, ಯಾವ ಪದಾರ್ಥ, ಎಷ್ಟು ಹೊತ್ತಿಗೆ ಬಂತು ಅಂತ ಪುಸ್ತಕದಲ್ಲಿ ಬರೆದಿಡಿ.

ಗುತ್ತಲು ರಸ್ತೆ, ಮಂಡ್ಯ:
ಛತ್ರದವರು ಮಧ್ಯಾಹ್ನ ಮೂರೂವರೆಗೆ ಫೋನ್ ಮಾಡ್ತಾರೆ. ಅಷ್ಟೊತ್ತಿಗೆ ಎಲ್ಲಾ ಆರಿರುತ್ತೆ.

ಕುವೆಂಪುನಗರ ಅಡುಗೆ:
ಹಾಗಾದರೆ ಭಟ್ಟರ ಜೊತೆಗೇ ಮಾತಾಡಿ. ಎರಡನೇ ಪಂಕ್ತಿ ಕೂತಾಗಲೇ ಎಷ್ಟು ಮಿಗುತ್ತೆ ಅಂತ ಅವರಿಗೆ ಗೊತ್ತಾಗುತ್ತೆ. ನಿಮ್ಮ ಪಾತ್ರೆಗಳನ್ನು ಬೆಳಿಗ್ಗೆಯೇ ಅಲ್ಲಿಡಿ.

ಸಂತೆಪೇಟೆ ದಿನಸಿ:
ಪಟ್ಟಿ ಸ್ತ್ರೀಶಕ್ತಿ ಗುಂಪಿನ ಅಕ್ಕಂದಿರ ಕೈಲಿರಲಿ, ಯಾರ ಮನೆಯಲ್ಲಿ ಒಲೆ ಹತ್ತಿಲ್ಲ ಅಂತ ಅವರಿಗೇ ಮೊದಲು ತಿಳಿಯೋದು. ಕೂಲಿ ಮುಗಿದ ಮೇಲೆ ಸಂಜೆ ಏಳಕ್ಕೆ ಹಂಚಿ. ಫೋಟೋ ಖಂಡಿತ ಬೇಡ, ಅದಕ್ಕೆ ಹೆದರಿ ಬೇಕಾದವರೇ ಬರಲ್ಲ.